ದ್ರಾವಕವಾಗಲು ಹೊರಟ ಅನಿಲ

ಒಂದು ಕಿಲೋ ಔಷಧ ತಯಾರಾಗುವ ಹೊತ್ತಿಗೆ ಕಾರ್ಖಾನೆಯಲ್ಲಿ ಎಷ್ಟು ಕಿಲೋ ಕಸ ಹುಟ್ಟಿರುತ್ತದೆ? ರೋಜರ್ ಶೆಲ್ಡನ್ ಎಂಬ ರಸಾಯನ ವಿಜ್ಞಾನಿ 1992ರಲ್ಲಿ ಈ ಲೆಕ್ಕವನ್ನು ಜಗತ್ತಿನ ಮುಂದಿಟ್ಟರು. ನಾವೆಲ್ಲ ಕೊಳಕು ಎಂದು ಭಾವಿಸುವ ಪೆಟ್ರೋಲಿಯಂ ಸಂಸ್ಕರಣಾಗಾರದಲ್ಲಿ ಒಂದು ಕಿಲೋ ಉತ್ಪನ್ನಕ್ಕೆ ನೂರು ಗ್ರಾಮಿಗಿಂತ ಕಡಿಮೆ ಕಸ. ಬಿಳಿ ಕೋಟು, ಗಾಜಿನ ಗೋಡೆಗಳ ಔಷಧ ಉದ್ಯಮದಲ್ಲಿ ಒಂದು ಕಿಲೋಗೆ 25ರಿಂದ 100 ಕಿಲೋ, ಕೆಲವೊಮ್ಮೆ ಅದಕ್ಕೂ ಮಿಕ್ಕಿ.

ಇಷ್ಟೊಂದು ಕಸ ಎಲ್ಲಿಂದ ಬರುತ್ತದೆ? ಔಷಧ ತಯಾರಿಕೆಯಲ್ಲಿ ಬಳಕೆಯಾಗುವ ಸಾಮಗ್ರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಂಹಪಾಲು ದ್ರಾವಕಗಳದ್ದು. ಟಾಲೂಯೀನ್, ಹೆಕ್ಸೇನ್, ಡೈಕ್ಲೋರೋಮೀಥೇನ್ ಮುಂತಾದ ದ್ರವಗಳು ಇವು. ದ್ರಾವಕ ಎಂದರೆ ಮದುವೆಯ ಛತ್ರ ಇದ್ದಂತೆ. ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಸೇರಲು ಒಂದು ಜಾಗ ಬೇಕು. ಮದುವೆ ಮುಗಿದ ಮೇಲೆ ಛತ್ರವನ್ನು ಯಾರೂ ಮನೆಗೆ ಕೊಂಡೊಯ್ಯುವುದಿಲ್ಲ. ಆದರೆ ರಸಾಯನದ ಛತ್ರ ಸುಮ್ಮನೆ ನಿಂತಿರುವುದಿಲ್ಲ. ಅದು ಆವಿಯಾಗಿ ಗಾಳಿ ಸೇರುತ್ತದೆ, ನೀರಿಗಿಳಿಯುತ್ತದೆ, ಬೆಂಕಿ ಹೊತ್ತಿಸುತ್ತದೆ, ಕೆಲಸಗಾರರ ಶ್ವಾಸಕೋಶಕ್ಕೂ ಯಕೃತ್ತಿಗೂ ಹೋಗುತ್ತದೆ. ಹೈದರಾಬಾದಿನ ಪಟಾನ್‌ಚೆರು ಪಕ್ಕ ವಾಸಿಸಿದವರಿಗೆ, ಮುಂಬಯಿಯಿಂದ ಅಹಮದಾಬಾದಿನ ರೈಲಿನಲ್ಲಿ ವಾಪಿ, ಅಂಕಲೇಶ್ವರಗಳನ್ನು ದಾಟಿದವರಿಗೆ ಕಿಟಕಿಯಿಂದ ನುಗ್ಗುವ ಘಾಟಿನ ಪರಿಚಯ ಇದ್ದೇ ಇರುತ್ತದೆ.

ಈ ಛತ್ರದ ಬದಲಿಗೆ ಇನ್ನೇನು ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಅತ್ಯಂತ ಅನಿರೀಕ್ಷಿತವಾದದ್ದು ಇಂಗಾಲದ ಡೈಆಕ್ಸೈಡ್. ಭೂಮಿಯನ್ನು ಬಿಸಿ ಮಾಡುತ್ತಿದೆ ಎಂದು ನಾವು ದಿನವೂ ದೂರುವ ಅದೇ ಅನಿಲ. ಅದರ ಈ ಇನ್ನೊಂದು ಚರಿತ್ರೆಗೆ ಇನ್ನೂರು ವರ್ಷ. ದ್ರಾವಕದ ಯಜಮಾನಿಕೆ ಪೂರ್ತಿ ತನಗೇ ಬೇಕೆಂದು ಹೊರಟಾಗ ಅದು ಎಡವಿತು. ಬೇರೆ ದ್ರಾವಕಗಳಿಗೆ ಕೈ ಜೋಡಿಸಿದಾಗ ಹೆಚ್ಚು ಉಪಯೋಗಕ್ಕೆ ಬಂತು. ಹಾಗೇಕಾಯಿತು ಎಂಬುದೇ ಈ ಪ್ರಬಂಧದ ವಿಷಯ.

ಮೊದಲ ಸುಳಿವು ಸಿಕ್ಕಿದ್ದು ಕಣ್ಣಿಗಲ್ಲ, ಕಿವಿಗೆ. 1822ರಲ್ಲಿ ಫ್ರಾನ್ಸಿನ ಶಾರ್ಲ್ ಕಾನ್ಯಾರ್ ದ ಲಾ ತೂರ್ ಕೋವಿಯ ನಳಿಗೆಯ ತುಂಡೊಂದರಲ್ಲಿ ದ್ರವ ತುಂಬಿ, ಜೊತೆಗೊಂದು ಕಲ್ಲಿನ ಗುಂಡು ಹಾಕಿ, ಬಾಯಿ ಮುಚ್ಚಿ ಕಾಯಿಸಿದರು. ನಳಿಗೆಯನ್ನು ಅತ್ತಿತ್ತ ವಾಲಿಸಿದಾಗ ಗುಂಡು ಉರುಳಿ ದ್ರವದೊಳಗೆ ಬೀಳುವ ಸದ್ದು ಕೇಳುತ್ತಿತ್ತು. ಶಾಖ ಒಂದು ಮಟ್ಟ ಮುಟ್ಟಿದ ಮೇಲೆ ಆ ಪಿಚಕ್ ಸದ್ದು ನಿಂತುಹೋಯಿತು. ಒಳಗೆ ದ್ರವ ಮತ್ತು ಆವಿ ಎಂಬ ಎರಡು ಪದರಗಳೇ ಉಳಿದಿರಲಿಲ್ಲ.

ಇದರ ಅರ್ಥ ಬಿಡಿಸಿದವರು ಐರ್ಲೆಂಡಿನ ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರೂಸ್. ಸಣ್ಣ ಗಾಜಿನ ಕೊಳವೆಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಅದುಮಿ, ಶಾಖವನ್ನು ಇಷ್ಟಿಷ್ಟೇ ಏರಿಸಿ ಅವರು ವರ್ಷಗಟ್ಟಲೆ ಅಳತೆ ಮಾಡಿದರು. 1869ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಫಲಿತಾಂಶ ಇಟ್ಟರು. ಸುಮಾರು 31 ಡಿಗ್ರಿ ಸೆಲ್ಸಿಯಸ್ ಕೆಳಗೆ ಈ ಅನಿಲವನ್ನು ಅದುಮಿದರೆ ದ್ರವವಾಗುತ್ತದೆ. ಅದರ ಮೇಲೆ ಎಷ್ಟೇ ಅದುಮಿದರೂ ದ್ರವದ ಮಟ್ಟ ಎಂಬ ಗೆರೆ ಮೂಡುವುದೇ ಇಲ್ಲ. ಅನಿಲದಿಂದ ದ್ರವಕ್ಕೆ ನಡುವೆ ಗೋಡೆ ಇಲ್ಲದ ದಾರಿಯೊಂದಿದೆ. ಗೋಡೆ ಮಾಯವಾಗುವ ಆ ಬಿಂದುವಿಗೆ ಕ್ರಿಟಿಕಲ್ ಪಾಯಿಂಟ್ ಎಂಬ ಹೆಸರು ಬಂದದ್ದು ಆಂಡ್ರೂಸರಿಂದ. ಅದನ್ನು ಮೀರಿದ ಸ್ಥಿತಿಯನ್ನು ಈಗ ಸೂಪರ್‌ಕ್ರಿಟಿಕಲ್ ಎನ್ನುತ್ತೇವೆ.

ಮೂವತ್ತೊಂದು ಡಿಗ್ರಿ ಎಂದರೆ ಚೆನ್ನೈನ ಸಾಮಾನ್ಯ ಮಧ್ಯಾಹ್ನಕ್ಕಿಂತ ತುಸು ತಂಪು. ನೀರಿಗೆ ಇದೇ ಸ್ಥಿತಿ ಬರಲು 374 ಡಿಗ್ರಿ ಬೇಕು. ಇಂಗಾಲದ ಡೈಆಕ್ಸೈಡಿನ ಆಕರ್ಷಣೆ ಇಲ್ಲಿಯೇ ಇದೆ. ಅಡ್ಡಿಯೂ ಇಲ್ಲಿಯೇ ಇದೆ: ಒತ್ತಡ ವಾತಾವರಣದ 73 ಪಟ್ಟು ಬೇಕು, ಅಂದರೆ ಕಾರಿನ ಟೈರಿನಲ್ಲಿರುವುದಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕತೆಯಲ್ಲಿ ಇದು ಮತ್ತೆ ಮತ್ತೆ ಲೆಕ್ಕ ಕೇಳುತ್ತದೆ.

ಹತ್ತು ವರ್ಷದ ನಂತರ, 1879ರಲ್ಲಿ, ಸ್ಕಾಟ್ಲೆಂಡಿನ ಹ್ಯಾನೇ ಮತ್ತು ಹೋಗಾರ್ತ್ ಎಂಬಿಬ್ಬರು ಈ ನಡುವಿನ ಸ್ಥಿತಿಗೆ ಕರಗಿಸುವ ಶಕ್ತಿಯಿದೆ ಎಂದು ತೋರಿಸಿದರು. ಅವರು ಬಳಸಿದ್ದು ಮದ್ಯಸಾರದಂಥ ದ್ರವಗಳನ್ನು. ಕ್ರಿಟಿಕಲ್ ಬಿಂದು ಮೀರಿಸಿದ ಮದ್ಯಸಾರದಲ್ಲಿ ಪೊಟ್ಯಾಸಿಯಂ ಅಯೊಡೈಡ್ ಕರಗಿತು. ಒತ್ತಡ ಇಳಿಸಿದೊಡನೆ ಹಿಮದ ಹಾಗೆ ಉದುರಿತು. ಕರಗಿಸುವುದು, ಬಿಟ್ಟುಕೊಡುವುದು, ಎರಡಕ್ಕೂ ಒಂದೇ ಕೀಲಿ: ಒತ್ತಡ. ಸಾಮಾನ್ಯ ದ್ರಾವಕದಿಂದ ವಸ್ತುವನ್ನು ಬೇರೆ ಮಾಡಲು ಕುದಿಸಿ ಆವಿ ಮಾಡಬೇಕು. ಇಲ್ಲಿ ನಲ್ಲಿ ತಿರುಗಿಸಿದರೆ ಸಾಕು. ಆದರೆ ಈ ಕೀಲಿ ಮುಂದಿನ ಎಂಬತ್ತು ವರ್ಷ ಹೆಚ್ಚುಕಡಿಮೆ ಪ್ರಯೋಗಾಲಯದ ಕುತೂಹಲವಾಗಿಯೇ ಉಳಿಯಿತು.

ಅದನ್ನು ಕಾರ್ಖಾನೆಗೆ ತಂದದ್ದು ಕಾಫಿ. ಜರ್ಮನಿಯ ಮ್ಯೂಲ್‌ಹೈಮ್ ಊರಿನ ಮ್ಯಾಕ್ಸ್ ಪ್ಲಾಂಕ್ ಕಲ್ಲಿದ್ದಲು ಸಂಶೋಧನಾ ಸಂಸ್ಥೆ ಕ್ಯಾಟಲಿಸ್ಟ್‌ಗಳಿಗೆ ಹೆಸರಾದ ಜಾಗ. ಕ್ಯಾಟಲಿಸ್ಟ್ ಎಂದರೆ ನಮ್ಮ ಛತ್ರದ ಪುರೋಹಿತ. ಮದುವೆ ಬೇಗ ಮಾಡಿಸಿ ತಾನು ಇದ್ದ ಹಾಗೇ ಉಳಿದು ಮುಂದಿನ ಮುಹೂರ್ತಕ್ಕೆ ಹೊರಡುವವನು. ಆ ಸಂಸ್ಥೆಯ ಮುಖ್ಯಸ್ಥ ಕಾರ್ಲ್ ಸೀಗ್ಲರ್‌ಗೆ 1963ರ ನೊಬೆಲ್ ಬಂದದ್ದು ಪ್ಲಾಸ್ಟಿಕ್ ತಯಾರಿಸುವ ಕ್ಯಾಟಲಿಸ್ಟ್‌ಗಾಗಿ. ಅಲ್ಲಿ ಕುರ್ಟ್ ಝೋಸೆಲ್ ಎಂಬವರು ಎಥಿಲೀನ್ ಅನಿಲವನ್ನು ಕ್ರಿಟಿಕಲ್ ಬಿಂದುವಿನ ಮೇಲಿಟ್ಟು ಕೆಲಸ ಮಾಡುತ್ತಿದ್ದಾಗ, ಅದು ಮಿಶ್ರಣದ ಕೆಲವು ಅಂಶಗಳನ್ನು ಮಾತ್ರ ಎತ್ತಿಕೊಂಡು ಹೋಗುವುದನ್ನು 1960ರ ದಶಕದ ಆರಂಭದಲ್ಲಿ ಗಮನಿಸಿದರು. ಇದೇ ಗುಣವನ್ನು ಅವರು ಕಾಫಿ ಬೀಜಕ್ಕೆ ಹಚ್ಚಿ ನೋಡಿದರು. ತೇವಗೊಳಿಸಿದ ಹಸಿ ಬೀಜದ ಮೂಲಕ ಸೂಪರ್‌ಕ್ರಿಟಿಕಲ್ ಇಂಗಾಲದ ಡೈಆಕ್ಸೈಡ್ ಹರಿಸಿದರೆ ಅದು ಕೆಫೀನನ್ನು ಎತ್ತಿಕೊಂಡು, ಪರಿಮಳಕ್ಕೆ ಬೇಕಾದ ಬಹುಪಾಲನ್ನು ಬೀಜದಲ್ಲೇ ಬಿಡುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ಕೆಫೀನ್ ತೆಗೆಯಲು ಬಳಸಿದ್ದು ಬೆಂಜೀನ್. ಅದು ಕ್ಯಾನ್ಸರ್‌ಕಾರಕ ಎಂದು ಈಗ ಗೊತ್ತು. ಆಮೇಲೆ ಕ್ಲೋರಿನ್ ಇರುವ ದ್ರಾವಕಗಳು ಬಂದವು. ಝೋಸೆಲ್ ವಿಧಾನದಲ್ಲಿ ಒತ್ತಡ ಇಳಿಸಿದ ಮೇಲೆ ಬೀಜದಲ್ಲಿ ಉಳಿಯುವ ದ್ರಾವಕ ನಮ್ಮ ಉಸಿರಿನಲ್ಲಿರುವ ಅನಿಲವೇ. 1970ರ ದಶಕದ ಕೊನೆಗೆ ಬ್ರೆಮೆನ್ ನಗರದಲ್ಲಿ ಇದು ಕಾರ್ಖಾನೆಯ ಮಟ್ಟದಲ್ಲಿ ನಡೆಯತೊಡಗಿತು. ಒತ್ತಡದ ಖರ್ಚು ಇಲ್ಲಿ ಭಾರವಾಗಲಿಲ್ಲ. ಬಾಯಿಗೆ ಹೋಗುವ ವಸ್ತುವಿನಲ್ಲಿ ವಿಷದ ಪಸೆ ಇಲ್ಲ ಎಂಬ ಭರವಸೆಗೆ ಗ್ರಾಹಕ ಬೆಲೆ ಕೊಡಲು ಸಿದ್ಧನಿದ್ದ.

ಕ್ಯಾಟಲಿಸ್ಟ್ ಸಂಸ್ಥೆಯಿಂದ ಹೊರಟ ವಿದ್ಯೆ ಹೀಗೆ ಕಾಫಿಗೆ ಹೋಗಿ ನಿಂತಿತು. ಅದು ಕ್ಯಾಟಲಿಸ್ಟ್‌ಗಳ ಕಡೆಗೆ ಮರಳಿದ್ದು 1990ರ ದಶಕದಲ್ಲಿ. ಓಜೋನ್ ಪದರಕ್ಕೆ ಕುತ್ತು ತಂದ ಸಿಎಫ್‌ಸಿಗಳನ್ನು ತಡೆಯಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಗಿತ್ತು. ಯಾವ ದ್ರಾವಕ ಬಳಸುತ್ತೀರಿ ಎಂಬುದು ಕಾರ್ಖಾನೆಯ ಒಳಗಿನ ವಿಷಯ ಮಾತ್ರ ಅಲ್ಲ ಎಂಬುದು ಎಲ್ಲರಿಗೂ ಮನವರಿಕೆಯಾಗಿತ್ತು. 1992ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಜೋಸೆಫ್ ಡಿಸಿಮೋನ್ ತಂಡ, ಸಿಎಫ್‌ಸಿ ಇಲ್ಲದೆ ಆಗದು ಎನ್ನಲಾಗುತ್ತಿದ್ದ ಫ್ಲೋರಿನ್ ಪಾಲಿಮರ್‌ಗಳನ್ನು ಸೂಪರ್‌ಕ್ರಿಟಿಕಲ್ ಇಂಗಾಲದ ಡೈಆಕ್ಸೈಡಿನಲ್ಲಿ ಮಾಡಿ ತೋರಿಸಿತು. 1998ರಲ್ಲಿ ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನದ ಹನ್ನೆರಡು ಸೂತ್ರ ಬರೆದಾಗ ಐದನೆಯದು ದ್ರಾವಕದ ಬಗೆಗೇ ಇತ್ತು: ಆದಷ್ಟೂ ಬೇಡ, ಬೇಕೇ ಬೇಕಾದರೆ ಅಪಾಯವಿಲ್ಲದ್ದು.

ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸಿದ್ದು 1994ರ ಒಂದು ವರದಿ. ಜಪಾನಿನ ರ್ಯೋಜಿ ನೋಯೋರಿ, ತಾಕಾವೊ ಇಕಾರಿಯಾ ಮತ್ತು ಅವರ ಜೊತೆಗಿದ್ದ ಕೆನಡಾದ ತರುಣ ಫಿಲಿಪ್ ಜೆಸಪ್, ರುಥೇನಿಯಂ ಕ್ಯಾಟಲಿಸ್ಟ್ ಬಳಸಿ ಸೂಪರ್‌ಕ್ರಿಟಿಕಲ್ ಇಂಗಾಲದ ಡೈಆಕ್ಸೈಡಿಗೇ ಜಲಜನಕ ಸೇರಿಸಿ ಫಾರ್ಮಿಕ್ ಆಮ್ಲ ಮಾಡಿದರು. ಛತ್ರವೇ ವರನೂ ಆದ ಮದುವೆ ಅದು. ಕ್ರಿಯೆಯ ವೇಗ ಸಾಮಾನ್ಯ ದ್ರಾವಕಗಳಲ್ಲಿ ಕಂಡದ್ದಕ್ಕಿಂತ ಬಹಳ ಹೆಚ್ಚಿತ್ತು.

ಕಾರಣ ಸರಳ. ಜಲಜನಕ, ಆಮ್ಲಜನಕದಂಥ ಅನಿಲಗಳು ದ್ರವದಲ್ಲಿ ಕರಗುವುದು ಅಷ್ಟಕ್ಕಷ್ಟೆ. ಕ್ಯಾಟಲಿಸ್ಟ್ ಎಷ್ಟೇ ಚುರುಕಾಗಿರಲಿ, ಅನಿಲ ಅದರ ಹತ್ತಿರ ಬರದಿದ್ದರೆ ಕೈಕಟ್ಟಿ ಕೂರಬೇಕು. ವರ ಇನ್ನೂ ಬಾಗಿಲಲ್ಲೇ ನಿಂತಿದ್ದರೆ ಪುರೋಹಿತ ಏನು ಮಾಡಿಯಾನು? ಸೂಪರ್‌ಕ್ರಿಟಿಕಲ್ ಸ್ಥಿತಿಯಲ್ಲಿ ಬಾಗಿಲೇ ಇಲ್ಲ. ಜಲಜನಕ ಅದರೊಳಗೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ.

ಆದರೆ ಬೇಗನೆ ಇನ್ನೊಂದು ತೊಡಕು ಎದುರಾಯಿತು. ಇಂಗಾಲದ ಡೈಆಕ್ಸೈಡ್ ಅನಿಲಗಳಿಗೆ ಉದಾರಿ, ಉಳಿದವರಿಗೆ ಜಿಪುಣ. ಕ್ಯಾಟಲಿಸ್ಟ್‌ಗಳಾಗಿ ಕೆಲಸ ಮಾಡುವ ಲೋಹದ ಸಂಯುಕ್ತಗಳಲ್ಲಿ ಹೆಚ್ಚಿನವು ಅದರಲ್ಲಿ ಕರಗುವುದೇ ಇಲ್ಲ. ಜರ್ಮನಿಯಲ್ಲಿ ವಾಲ್ಟರ್ ಲೈಟ್ನರ್ ತಂಡ 1997ರಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡಿತು. ರೋಡಿಯಂ ಕ್ಯಾಟಲಿಸ್ಟ್‌ಗೆ ಫ್ಲೋರಿನ್ ತುಂಬಿದ ಉದ್ದನೆಯ ಬಾಲಗಳನ್ನು ಅಂಟಿಸಿದರೆ ಅದು ಕರಗುತ್ತದೆ. ಉಪಾಯ ಜಾಣತನದ್ದೇ, ಆದರೆ ದುಬಾರಿ. ಅಂಥ ಫ್ಲೋರಿನ್ ಸರಪಳಿಗಳು ಮಣ್ಣಿನಲ್ಲಿ, ನೀರಿನಲ್ಲಿ ಕೊಳೆಯದೆ ಉಳಿಯುವ ಜಾತಿಯವು ಎಂಬ ಚಿಂತೆ ಬೇರೆ. ಹಸಿರು ಛತ್ರಕ್ಕೆ ಪ್ರವೇಶ ಸಿಗಲೆಂದು ಪುರೋಹಿತನಿಗೆ ಹಸಿರಲ್ಲದ ವೇಷ ಹಾಕಿಸಿದಂತಾಯಿತು.

ಕಾರ್ಖಾನೆಯ ಪರೀಕ್ಷೆ ನಡೆದದ್ದು ಇಂಗ್ಲೆಂಡಿನ ಕಾನ್ಸೆಟ್ ಎಂಬ ಊರಲ್ಲಿ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮಾರ್ಟಿನ್ ಪೊಲಿಯಾಕಾಫ್, ಯೂಟ್ಯೂಬಿನಲ್ಲಿ ಧಾತುಗಳ ಬಗ್ಗೆ ಪಾಠ ಹೇಳುವ ಕೆದರಿದ ಕೂದಲಿನ ಆ ಮೇಷ್ಟ್ರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕರಗದ ಘನ ಕ್ಯಾಟಲಿಸ್ಟನ್ನು ಕೊಳವೆಯಲ್ಲಿ ತುಂಬಿಟ್ಟು, ಅದರ ಮೂಲಕ ಸೂಪರ್‌ಕ್ರಿಟಿಕಲ್ ಇಂಗಾಲದ ಡೈಆಕ್ಸೈಡ್, ಜಲಜನಕ ಮತ್ತು ಕಚ್ಚಾವಸ್ತುವನ್ನು ಒಟ್ಟಿಗೆ ಹರಿಸುವ ವಿಧಾನವನ್ನು ಅವರ ತಂಡ ಥಾಮಸ್ ಸ್ವಾನ್ ಎಂಬ ಕುಟುಂಬ ಕಂಪನಿಯ ಜೊತೆ ಬೆಳೆಸಿತು. 2002ರಲ್ಲಿ ವರ್ಷಕ್ಕೆ 1000 ಟನ್ ಸಾಮರ್ಥ್ಯದ ಘಟಕ ಶುರುವಾಯಿತು. ಐಸೊಫೊರೋನ್ ಎಂಬ ವಸ್ತುವಿಗೆ ಜಲಜನಕ ಸೇರಿಸುವುದು ಅಲ್ಲಿನ ಕೆಲಸ. ಮಾಮೂಲಿ ವಿಧಾನದಲ್ಲಿ ಬೇಡದ ಉಪವಸ್ತುಗಳೂ ಹುಟ್ಟಿ, ಅವನ್ನು ಬೇರೆ ಮಾಡುವುದೇ ಒಂದು ತಲೆನೋವು. ಇಲ್ಲಿ ಬೇಕಾದದ್ದಷ್ಟೇ ಶುದ್ಧವಾಗಿ ಹೊರಬಂತು.

ತಾಂತ್ರಿಕವಾಗಿ ಅದು ಪೂರ್ಣ ಯಶಸ್ಸು. ಆದರೂ ಘಟಕ ಬಹುಕಾಲ ನಡೆಯಲಿಲ್ಲ. ಅಷ್ಟು ಅನಿಲವನ್ನು ಅದುಮುವುದು, ಬಿಡುವುದು, ಮತ್ತೆ ಅದುಮುವುದು, ಇದಕ್ಕೆ ತಗಲುವ ಶಕ್ತಿಯ ಖರ್ಚು ಹಳೆಯ ವಿಧಾನದ ಬೆಲೆಯ ಮುಂದೆ ನಿಲ್ಲಲಿಲ್ಲ. ಕಾಫಿ ಕುಡಿಯುವವನು ಕೊಟ್ಟ ಹೆಚ್ಚುವರಿ ಬೆಲೆಯನ್ನು ಬಣ್ಣಕ್ಕೋ ಅಂಟಿಗೋ ಕಚ್ಚಾವಸ್ತು ಕೊಳ್ಳುವವನು ಕೊಡುವುದಿಲ್ಲ. ಆಂಡ್ರೂಸರ ಕಾಲದ 73ರ ಅಂಕಿ ಹೀಗೆ ಲೆಕ್ಕ ಕೇಳಿತು.

ಆ ಹೊತ್ತಿಗಾಗಲೇ ಇನ್ನೊಂದು ದಾರಿ ತೆರೆದಿತ್ತು. 1999ರಲ್ಲಿ ಅಮೆರಿಕದ ಜೋನ್ ಬ್ರೆನೆಕೆ ಮತ್ತು ಎರಿಕ್ ಬೆಕ್‌ಮನ್ ತಂಡಗಳು ಅಯಾನಿಕ್ ದ್ರವಗಳ ಬಗ್ಗೆ ಚಿಕ್ಕದೊಂದು ವರದಿ ಪ್ರಕಟಿಸಿದವು. ಅಯಾನಿಕ್ ದ್ರವ ಎಂದರೆ ಕೋಣೆಯ ಶಾಖದಲ್ಲೇ ಕರಗಿ ದ್ರವವಾಗಿರುವ ಲವಣ. ಅದು ಆವಿಯಾಗುವುದೇ ಇಲ್ಲ ಎನ್ನಬಹುದು. ಹಾಗಾಗಿ ಘಾಟಿಲ್ಲ, ಗಾಳಿಗೆ ಸೇರುವ ಭಯವಿಲ್ಲ. ಲೋಹದ ಕ್ಯಾಟಲಿಸ್ಟ್‌ಗಳು ಅದರಲ್ಲಿ ಚೆನ್ನಾಗಿ ಕರಗುತ್ತವೆ. ಕಷ್ಟವೆಂದರೆ ಒಳಗೆ ತಯಾರಾದ ವಸ್ತುವನ್ನು ಹೊರತೆಗೆಯುವುದು. ಅದಕ್ಕೆ ಮತ್ತೆ ಟಾಲೂಯೀನ್ ಸುರಿದರೆ ಮಾಡಿದ ಪುಣ್ಯವೆಲ್ಲ ನೀರಿಗೆ ಹೋಮ. ಬ್ರೆನೆಕೆ ಮತ್ತು ಬೆಕ್‌ಮನ್ ಕಂಡದ್ದು ಒಂದು ಏಕಮುಖ ಸ್ನೇಹವನ್ನು. ಇಂಗಾಲದ ಡೈಆಕ್ಸೈಡ್ ಅಯಾನಿಕ್ ದ್ರವದಲ್ಲಿ ಧಾರಾಳವಾಗಿ ಕರಗುತ್ತದೆ, ಆದರೆ ಅಯಾನಿಕ್ ದ್ರವ ಇಂಗಾಲದ ಡೈಆಕ್ಸೈಡಿನಲ್ಲಿ ಕರಗುವುದಿಲ್ಲ. ಅನಿಲ ಒಳಗೆ ಹೋಗಿ, ಅಲ್ಲಿದ್ದ ನ್ಯಾಫ್ತಲೀನನ್ನು ಎತ್ತಿಕೊಂಡು, ದ್ರವದ ಒಂದು ಹನಿಯನ್ನೂ ಜೊತೆಗೆ ತರದೆ ಹೊರಬಂತು.

ಎರಡೇ ವರ್ಷದಲ್ಲಿ ಇದು ಕ್ಯಾಟಲಿಸ್ಟ್‌ಗಳಿಗೆ ಅನ್ವಯವಾಯಿತು. 2001ರಲ್ಲಿ ಅಮೆರಿಕದಲ್ಲಿ ಜೆಸಪ್, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಡೇವಿಡ್ ಕೋಲ್-ಹ್ಯಾಮಿಲ್ಟನ್, ಜರ್ಮನಿಯಲ್ಲಿ ಲೈಟ್ನರ್ ಮತ್ತು ಪೀಟರ್ ವಾಸರ್‌ಶೈಡ್, ಮೂರು ಕಡೆ ಮೂರು ತಂಡಗಳು ಒಂದೇ ಬಗೆಯ ಏರ್ಪಾಡನ್ನು ಪ್ರಕಟಿಸಿದವು. ಕ್ಯಾಟಲಿಸ್ಟ್ ಅಯಾನಿಕ್ ದ್ರವದಲ್ಲಿ ನೆಲೆನಿಲ್ಲಬೇಕು. ಇಂಗಾಲದ ಡೈಆಕ್ಸೈಡ್ ಬಂದು ಹೋಗುತ್ತಾ ಉತ್ಪನ್ನವನ್ನು ಹೊತ್ತು ತರಬೇಕು. ಪುರೋಹಿತನಿಗೆ ವೇಷ ಬೇಕಿಲ್ಲ, ಬೆಲೆಬಾಳುವ ರೋಡಿಯಂ ಉತ್ಪನ್ನದ ಜೊತೆ ಕೊಚ್ಚಿಹೋಗುವುದೂ ಇಲ್ಲ.

ಈ ಪ್ರಯೋಗಗಳಲ್ಲಿ ಇನ್ನೊಂದು ಲಾಭ ಸ್ಪಷ್ಟವಾಯಿತು. ಅಯಾನಿಕ್ ದ್ರವಗಳು ಸಾಮಾನ್ಯವಾಗಿ ಮಂದ, ಜೋನಿ ಬೆಲ್ಲದ ಹಾಗೆ. ಅದರಲ್ಲಿ ಜಲಜನಕ ಕರಗುವುದೂ ಕಡಿಮೆ, ಓಡಾಡುವುದೂ ನಿಧಾನ. ಇಂಗಾಲದ ಡೈಆಕ್ಸೈಡ್ ಸೇರಿದಾಗ ದ್ರವ ತೆಳುವಾಗುತ್ತದೆ, ಜಲಜನಕ ಹೆಚ್ಚು ಕರಗುತ್ತದೆ. 2004ರಲ್ಲಿ ಲೈಟ್ನರ್ ಮತ್ತು ಸ್ವಿಟ್ಜರ್ಲೆಂಡಿನ ಆಂಡ್ರಿಯಾಸ್ ಫಾಲ್ಟ್ಸ್ ತಂಡಗಳು ಇಮೈನ್‌ಗಳಿಗೆ ಜಲಜನಕ ಸೇರಿಸುವ ಕ್ರಿಯೆಯಲ್ಲಿ ಇದನ್ನು ತೋರಿಸಿದವು. ಅನಿಲ ಇಲ್ಲದಾಗ ಕುಂಟುತ್ತಿದ್ದ ಕ್ರಿಯೆ ಅನಿಲ ಸೇರಿದಾಗ ಸರಾಗವಾಗಿ ನಡೆಯಿತು. ಸಾಮಾನು ಹೊರಲು ಕರೆಸಿದ ಕೈಯಾಳು ಅಡುಗೆಮನೆಯ ಕೆಲಸವನ್ನೂ ಹಗುರ ಮಾಡಿದ ಹಾಗೆ.

ಸಹಾಯಕನ ಪಾತ್ರವೇ ಸರಿ ಎಂದಾದರೆ ಮಾಮೂಲಿ ದ್ರಾವಕಕ್ಕೂ ಇದೇ ಸಹಾಯ ಸಿಗಬೇಕಲ್ಲ? ಈ ದಿಕ್ಕಿನ ಬಹುಪಾಲು ಕೆಲಸ ನಡೆದದ್ದು ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದ ಬಾಲ ಸುಬ್ರಮಣ್ಯಂ ಮತ್ತು ಡ್ಯಾರಿಲ್ ಬುಷ್ ಅಲ್ಲಿನ ಮುಂದಾಳುಗಳು. ಪರಿಸರಕ್ಕೆ ಹಿತವಾದ ಕ್ಯಾಟಲಿಸ್ಟ್ ವಿಧಾನಗಳಿಗೆಂದೇ 2003ರಲ್ಲಿ ಅಲ್ಲೊಂದು ಕೇಂದ್ರ ಹುಟ್ಟಿತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಬಹುಕಾಲ ದುಡಿದ ರಘುನಾಥ ಚೌಧರಿ ಕೂಡ ಮುಂದೆ ಅಲ್ಲಿಗೆ ಸೇರಿದರು.

ಅವರ ವಿಧಾನ ಹೀಗಿದೆ. ಅಸಿಟೋನ್‌ನಂಥ ದ್ರವಕ್ಕೆ ಕ್ರಿಟಿಕಲ್ ಬಿಂದುವಿಗಿಂತ ಕಡಿಮೆ ಒತ್ತಡದಲ್ಲೇ ಇಂಗಾಲದ ಡೈಆಕ್ಸೈಡ್ ತುಂಬಿಸಿದರೆ ದ್ರವ ಉಬ್ಬುತ್ತದೆ. ಒಂದು ಲೋಟದ್ದು ಎರಡು, ಮೂರು ಲೋಟವಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಜಾಗವನ್ನು ಅನಿಲವೇ ತುಂಬುವುದರಿಂದ ದ್ರಾವಕ ಕಡಿಮೆ ಸಾಕು. ಕ್ಯಾಟಲಿಸ್ಟ್ ಕರಗಿಸಲು ಉಳಿದ ದ್ರಾವಕ ಇದ್ದೇ ಇದೆ. ಅನಿಲಗಳನ್ನು ಒಳಗೆ ಕರೆತರಲು ಇಂಗಾಲದ ಡೈಆಕ್ಸೈಡ್ ಇದೆ. ಆಕ್ಟೀನ್‌ಗೆ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಸೇರಿಸುವ ಹೈಡ್ರೊಫಾರ್ಮಿಲೇಶನ್ ಕ್ರಿಯೆಯಲ್ಲಿ ಅವರಿಗೆ ಸಿಕ್ಕ ಫಲಿತಾಂಶ ಗಮನಾರ್ಹ. ಬರೀ ದ್ರಾವಕಕ್ಕಿಂತಲೂ, ಬರೀ ಸೂಪರ್‌ಕ್ರಿಟಿಕಲ್ ಇಂಗಾಲದ ಡೈಆಕ್ಸೈಡಿಗಿಂತಲೂ ಈ ಉಬ್ಬಿದ ದ್ರವದಲ್ಲೇ ವೇಗ ಹೆಚ್ಚಿತ್ತು. ಆಮ್ಲಜನಕ ಬಳಸುವ ಕ್ರಿಯೆಗಳಲ್ಲಿ ಸುರಕ್ಷತೆಯೂ ಸಿಕ್ಕಿತು. ದ್ರಾವಕದ ಆವಿ ಮತ್ತು ಆಮ್ಲಜನಕ ಒಂದೆಡೆ ಸೇರಿದರೆ ಸ್ಫೋಟದ ಭಯ. ಅಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದ್ದರೆ ಆ ಭಯ ತಗ್ಗುತ್ತದೆ. ಬೆಂಕಿ ಆರಿಸುವ ಕೆಂಪು ಸಿಲಿಂಡರಿನಲ್ಲಿ ತುಂಬಿಡುವುದೂ ಇದೇ ಅನಿಲವನ್ನೇ ಅಲ್ಲವೆ?

ನೀರಿನ ಜೊತೆಗೂ ಇದೇ ಸಹವಾಸ ನಡೆಯಿತು. 1999ರಲ್ಲಿ ಜಪಾನಿನಲ್ಲಿ ಮಸಾಹಿಕೊ ಅರಾಯ್ ತಂಡದ ಜೊತೆಗಿದ್ದ ಭಾಲಚಂದ್ರ ಭಾನಗೆ, ನೀರಿನಲ್ಲಿ ಕರಗುವ ಕ್ಯಾಟಲಿಸ್ಟ್ ಮತ್ತು ಸೂಪರ್‌ಕ್ರಿಟಿಕಲ್ ಇಂಗಾಲದ ಡೈಆಕ್ಸೈಡನ್ನು ಒಟ್ಟಿಗೆ ಬಳಸಿ ಹೆಕ್ ಕ್ರಿಯೆ ನಡೆಸಿದರು. ಅವರು ಆಮೇಲೆ ಮುಂಬಯಿ ಮಾಟುಂಗಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಗೆ ಬಂದು ಈ ಕ್ಷೇತ್ರದಲ್ಲಿ ಕೆಲಸ ಮುಂದುವರಿಸಿದರು. ಒತ್ತಡದಲ್ಲಿ ಈ ಅನಿಲ ಕರಗಿದ ನೀರು ತಾನೇ ಆಮ್ಲವಾಗುತ್ತದೆ, ಪಿಎಚ್ ಸುಮಾರು 3ಕ್ಕೆ ಇಳಿಯುತ್ತದೆ. ಹಾಗಾಗಿ ಕೆಲವು ಕ್ರಿಯೆಗಳಿಗೆ ಬೇರೆ ಆಮ್ಲವೇ ಬೇಡ. ಸಲ್ಫ್ಯೂರಿಕ್ ಆಮ್ಲ ಬಳಸಿದರೆ ಕೊನೆಗೆ ಕ್ಷಾರ ಸುರಿದು ಶಮನ ಮಾಡಬೇಕು, ರಾಶಿ ಲವಣ ಕಸವಾಗಿ ಉಳಿಯುತ್ತದೆ. ಇಲ್ಲಿ ಒತ್ತಡ ಬಿಟ್ಟರೆ ಅನಿಲ ಹೊರಟುಹೋಗುತ್ತದೆ, ಆಮ್ಲತೆಯೂ ಅದರ ಹಿಂದೆಯೇ ಹೋಗುತ್ತದೆ. ಜೆಸಪ್ 2005ರಲ್ಲಿ ಕೆನಡಾದಿಂದ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಎರಡು ದ್ರವಗಳ ಮಿಶ್ರಣವೊಂದಕ್ಕೆ ಸಾಮಾನ್ಯ ಒತ್ತಡದಲ್ಲೇ ಇಂಗಾಲದ ಡೈಆಕ್ಸೈಡ್ ಊದಿದರೆ ಅದರ ಸ್ವಭಾವವೇ ಬದಲಾಗುತ್ತದೆ. ಸಾರಜನಕ ಊದಿ ಅನಿಲವನ್ನು ಓಡಿಸಿದರೆ ಮತ್ತೆ ಮೊದಲಿನಂತೆ. 73 ಪಟ್ಟು ಒತ್ತಡದಿಂದ ಶುರುವಾದ ಕತೆ ಹೀಗೆ ಒಂದು ಪಟ್ಟಿಗೆ ಇಳಿದು ಬಂತು.

ಇಷ್ಟು ಕೇಳಿದ ಮೇಲೆ ಇದರಿಂದ ಭೂಮಿಯ ಬಿಸಿ ಇಳಿಯುತ್ತದೆಯೆ ಎಂಬ ಪ್ರಶ್ನೆ ಬರುವುದು ಸಹಜ. ಇಲ್ಲ. ದ್ರಾವಕವಾಗಿ ಬಳಸಿದ ಅನಿಲ ಖರ್ಚಾಗುವುದಿಲ್ಲ, ಸುತ್ತುತ್ತಿರುತ್ತದೆ. ವಿದ್ಯುತ್ ಸ್ಥಾವರಗಳು ಉಗುಳುವ ರಾಶಿಯ ಮುಂದೆ ಅದು ಲೆಕ್ಕಕ್ಕೇ ಬರದು. ಇಲ್ಲಿನ ಲಾಭ ಬೇರೆ: ಟಾಲೂಯೀನ್, ಡೈಕ್ಲೋರೋಮೀಥೇನ್‌ಗಳು ಕಡಿಮೆಯಾಗುವುದು, ಅವನ್ನು ಕುದಿಸಿ ಬೇರೆ ಮಾಡುವ ಇಂಧನ ಉಳಿಯುವುದು, ಕೆಲಸಗಾರರ ಉಸಿರು ಹಗುರಾಗುವುದು.

ಹಸಿರು ಎಂಬ ಹಣೆಪಟ್ಟಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬ್ರೆನೆಕೆ ಮತ್ತು ಬೆಕ್‌ಮನ್ ಬಳಸಿದ ಜಾತಿಯ ಅಯಾನಿಕ್ ದ್ರವ ನೀರಿನ ಸಂಪರ್ಕದಲ್ಲಿ ಒಡೆದು ಹೈಡ್ರೊಫ್ಲೋರಿಕ್ ಆಮ್ಲ ಬಿಡಬಲ್ಲದು ಎಂದು 2003ರಲ್ಲಿ ಅಮೆರಿಕದ ರಾಬಿನ್ ರೋಜರ್ಸ್ ತಂಡ ಎಚ್ಚರಿಸಿತು. ಗಾಜನ್ನೂ ಕೊರೆಯುವ ಆಮ್ಲ ಅದು. ಆವಿಯಾಗದು ಎಂಬ ಒಂದೇ ಗುಣದಿಂದ ಯಾವ ದ್ರವವೂ ಸಾಧುವಾಗುವುದಿಲ್ಲ.

ಕಾನ್ಸೆಟ್‌ನ ಘಟಕ ನಿಂತುಹೋದರೂ ಅದರ ಪಾಠ ವ್ಯರ್ಥವಾಗಲಿಲ್ಲ. ಹೊಸ ವಿಧಾನ ಕಂಡೊಡನೆ ಒತ್ತಡದ ಖರ್ಚೆಷ್ಟು, ಕಳೆದುಹೋಗುವ ಲೋಹವೆಷ್ಟು, ಹಳೆಯ ವಿಧಾನಕ್ಕೆ ಹೋಲಿಸಿದರೆ ಪರಿಸರಕ್ಕೆ ಉಳಿತಾಯವೆಷ್ಟು ಎಂಬ ಲೆಕ್ಕವನ್ನು ಕಾನ್ಸಾಸ್ ತಂಡ ಪ್ರಯೋಗದ ಜೊತೆಜೊತೆಗೇ ಹಾಕುತ್ತ ಬಂದಿದೆ. ಈ ಲೆಕ್ಕಕ್ಕೆ ನಮ್ಮಲ್ಲಿ ಇನ್ನೊಂದು ಸಾಲು ಸೇರಿಸಬೇಕು. ಭಾರತದ ಕಾರ್ಖಾನೆಗೆ ಬರುವ ವಿದ್ಯುತ್ತಿನ ಹೆಚ್ಚಿನ ಪಾಲು ಇಂದಿಗೂ ಕಲ್ಲಿದ್ದಲಿನದು. ಪಟಾನ್‌ಚೆರುವಿನಲ್ಲೋ ವಾಪಿಯಲ್ಲೋ ನಾಳೆ ಯಾರಾದರೂ ಈ ಅನಿಲವನ್ನು ಅದುಮಲು ಕಂಪ್ರೆಸರ್ ಹಚ್ಚಿದರೆ, ದೂರದ ಯಾವುದೋ ಹೊಗೆಕೊಳವೆಯಿಂದ ಅದೇ ಅನಿಲ ಹೊರಬರುತ್ತಿರುತ್ತದೆ. ಒಳಗೆ ಉಳಿಸಿದ ದ್ರಾವಕ ಎಷ್ಟು, ಹೊರಗೆ ಬಿಟ್ಟ ಅನಿಲ ಎಷ್ಟು ಎಂದು ತೂಗಿ ನೋಡಿದ ಮೇಲೆಯೇ ಆ ಘಟಕವನ್ನು ಹಸಿರು ಎನ್ನಬಹುದು.